ಬಳೆಯ ಒಳಮೈ

"ನಿಂಗ್ಯಾಕ್ಲಾ ಬಳೆ? ತೊಟ್ಕೊಂಡು ಕುಣೀತೀಯಾ?" ಎಂದು ದೊಡ್ಡಮ್ಮ ಅಕ್ಕಯಮ್ಮ ನಕ್ಕ ದಿನವೇ ಚಿರಂಜೀವಿ ಮನಸ್ಸಿನಲ್ಲಿ ಕಳ್ಳನಾದ. ಅವಳ ಮೊಣಕಾಲು ನೋವಿಗೆಂದು ಬಾಗಲೂರಿನಿಂದ ಹೊಸೂರಿಗೆ ಹನ್ನೊಂದು ಸಲ ಬೈಕಿನಲ್ಲಿ ಹೊತ್ತು ತಿರುಗಿದವನು ಅವನು. ನಾಲ್ಕು ಚಿನ್ನದ ಬಳೆ ಮಾತ್ರ ವರ್ಷಕ್ಕೊಮ್ಮೆ ಮುಖ ತೋರಿಸುವ ಮೊಮ್ಮಗಳು ಚಂದ್ರಲೇಖಾಳ ಮದುವೆಗೆ. ಇವನ ಪಾಲಿಗೆ ಆಶೀರ್ವಾದ. ಅದಕ್ಕೆ ತೂಕವಿಲ್ಲ, ಮಜೂರಿಯಿಲ್ಲ, ವೇಸ್ಟೇಜೂ ಇಲ್ಲ.

ಜಗಳವಾಡುವುದು ಸಾಮಾನ್ಯರ ಕೆಲಸ. ಚಿರಂಜೀವಿ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವನು. ಬಿಡಿಭಾಗಗಳ ಮೇಲೆ ಲೇಸರಿನಲ್ಲಿ ಗುರುತು ಹೊಡೆಯುವ ಯಂತ್ರ ಅವನ ಕೈಯಲ್ಲಿತ್ತು, ಲೋಕಜ್ಞಾನ ತಲೆಯಲ್ಲಿತ್ತು. ಈಗ ಯಾರೂ ಚಿನ್ನವನ್ನು ನಂಬುವುದಿಲ್ಲ, ಅದರ ಒಳಮೈಯ ಗುರುತನ್ನು ನಂಬುತ್ತಾರೆ: ಸರ್ಕಾರದ ತ್ರಿಕೋನ, ಇಪ್ಪತ್ತೆರಡು ಕ್ಯಾರೆಟ್ಟಿನ 916, ಪಕ್ಕದಲ್ಲಿ ಅಂಕಿ ಅಕ್ಷರ ಬೆರೆತ ಆರು ಸ್ಥಾನದ ನಂಬರು. ಅದನ್ನು ಮೊಬೈಲಿಗೆ ಹಾಕಿದರೆ ಒಡವೆಯ ಜಾತಕವೇ ಬರುತ್ತದೆ. ಸುಳ್ಳು ನಂಬರು ಬರೆದು ಸಿಕ್ಕಿಬೀಳುವವನು ದಡ್ಡ. ಚಿರಂಜೀವಿ ನಿಜವಾದದ್ದನ್ನೇ ಬರೆಯುತ್ತಾನೆ.

ಹೆಂಡತಿ ಶಾಂತಿಗೆ ಇದೇ ಅಳತೆಯ ಗಿಲೀಟು ಬಳೆ ಮಾಡಿಸಬೇಕೆಂದು ದೊಡ್ಡಮ್ಮನಿಂದ ಒಂದು ಬಳೆ ಬೇಡಿ ತಂದ. ಇಡೀ ಯೋಜನೆಯಲ್ಲಿ ಅವನು ಆಡಿದ ಅರ್ಧ ಸತ್ಯ ಅದೊಂದೇ.

"ಕಟ್ಕೊಂಡ ಹೆಂಡ್ತಿಗೆ ಗಿಲೀಟು ತೊಡಿಸ್ತೀಯಲ್ಲೋ, ನಿನ್ ಬಾಯಿಗ್ ಮಣ್ಣಾಕ!" ಎಂದು ಬೈದೇ ಮುದುಕಿ ಕೊಟ್ಟಳು.

ಕೃಷ್ಣಗಿರಿಯಲ್ಲಿ ನಾಟಕದ ಒಡವೆ ಮಾಡುವವನೊಬ್ಬ ಅದಕ್ಕೆ ಹೊಂದುವ ನಾಲ್ಕು ಬಳೆ ಮಾಡಿಕೊಟ್ಟ, ಕೈಗೆ ತೂಕ ಹತ್ತುವಂತೆ ಒಂದೆಳೆ ದಪ್ಪವಾಗಿ. ಊಟದ ಬಿಡುವಿನಲ್ಲಿ ಚಿರಂಜೀವಿ ಗುರುತು ಹೊಡೆದ. ಭೂತಗನ್ನಡಿ ಹಿಡಿದು ಅಸಲಿಯೊಂದಿಗೆ ಹೋಲಿಸಿದ. ಅಸಲಿಯದೇ ತುಸು ಮಸುಕಾಗಿ ಕಂಡಿತು. ಅದನ್ನು ಹಿಂದಿರುಗಿಸಿ, ವರಲಕ್ಷ್ಮಿ ಹಬ್ಬದ ದಿನಕ್ಕಾಗಿ ಕಾದ. ಅಂದು ಮನೆಯ ಒಡವೆಯೆಲ್ಲ ಕಲಶದ ಮುಂದಿರುತ್ತದೆ. ಹೆಂಗಸರು ಪಕ್ಕದ ಮನೆಗೆ ಕುಂಕುಮಕ್ಕೆ ಹೋದಾಗ ಅವನು ಭಕ್ತಿಯಿಂದ ಅಡ್ಡಬಿದ್ದ. ಎದ್ದಾಗ ನಕಲಿ ನಾಲ್ಕೂ ಕಲಶದ ಮುಂದೆ, ಅಸಲಿ ನಾಲ್ಕೂ ಜೇಬಿನಲ್ಲಿದ್ದವು. ದೇವಿ ನೋಡುತ್ತಿದ್ದಳು, ಆದರೆ ಸಾಕ್ಷಿ ಹೇಳುವ ಅಭ್ಯಾಸ ಅವಳಿಗಿಲ್ಲ.

ನಿಶ್ಚಿತಾರ್ಥಕ್ಕೆ ರಾಯಕೋಟೆಯಿಂದ ಗಂಡಿನ ಸೋದರತ್ತೆ ಆದಿಲಕ್ಷ್ಮಿ ಮೊಬೈಲು ಹಿಡಿದೇ ಬಂದಳು. "ತಪ್ಪು ತಿಳ್ಕೋಬೇಡಿ. ಈ ಕಾಲದಲ್ಲಿ ದೇವ್ರನ್ನೂ ಒಂದ್ಸಲ ಚೆಕ್ ಮಾಡ್ಕೋಬೇಕು," ಎಂದು ಒಂದು ಬಳೆಯ ನಂಬರು ಒತ್ತಿದಳು. ಬಂತು: ಬಳೆ, 916, ಅಂಗಡಿಯ ಹೆಸರು, ಗುರುತು ಹಾಕಿದ ತಾರೀಕು. ಅಕ್ಕಯಮ್ಮ ಸೆರಗು ಸರಿಮಾಡಿಕೊಂಡಳು. ಚಿರಂಜೀವಿಗೆ ತನ್ನ ಕೆಲಸದ ಮೇಲೆ ಅಭಿಮಾನ ಉಕ್ಕಿತು. ಮೆಚ್ಚುವವರಿಲ್ಲದ ಕಲೆ ಎಷ್ಟು ದಿನ ಸುಮ್ಮನಿರುತ್ತದೆ?

"ಒಂದಕ್ಕೇ ಬುಟ್ರೆ ಹೆಂಗಮ್ಮಾ? ನಾಲ್ಕೂ ನೋಡ್ಬುಡಿ," ಎಂದು ಅವನೇ ಬಳೆಗಳನ್ನು ಮುಂದೆ ತಳ್ಳಿದ.

ಆದಿಲಕ್ಷ್ಮಿ ಎರಡನೆಯದನ್ನು ತಿರುಗಿಸಿದಳು. ಮೂರನೆಯದು. ನಾಲ್ಕನೆಯದು. ಮತ್ತೆ ಮೊದಲನೆಯದು. ಮೊಬೈಲು ಮುಟ್ಟಲೇ ಇಲ್ಲ. ತನ್ನ ಕೈಯಿಂದ ಎರಡು ಬಳೆ ಕಳಚಿ ಪಕ್ಕಕ್ಕಿಟ್ಟಳು. "ನೋಡಪ್ಪಾ, ಒಂದೇ ದಿನ, ಒಂದೇ ಅಂಗ್ಡೀಲಿ ತಗೊಂಡಿದ್ದು. ಆದ್ರೂ ನಂಬ್ರು ಬೇರೆ ಬೇರೆ. ಒಂದು ನಂಬ್ರು ಒಂದೇ ಒಡವೆಗೆ. ನಿಮ್ಮವು ನಾಲ್ಕಕ್ಕೂ ಒಂದೇ ಐತಲ್ಲ?" ಹನ್ನೆರಡು ವರ್ಷ ಸಾವಿರ ಬಿಡಿಭಾಗಗಳ ಇಡೀ ಕಂತೆಗೆ ಒಂದೇ ನಂಬರು ಹೊಡೆದು ಪಳಗಿದ ಕೈಗೆ ಇದು ಹೊಳೆದೇ ಇರಲಿಲ್ಲ. ತಂದದ್ದು ಒಂದು ಬಳೆ, ನೋಡಿದ್ದು ಒಂದು ಬಳೆ. ಉಳಿದ ಮೂರರ ಒಳಮೈಯನ್ನು ಅವನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. "ಅಸಲಿ ಬಳೇಲಿ ಒಂದನ್ನ ಮಾತ್ರ ನೋಡ್ಕೊಂಡೋರ ಕೆಲ್ಸ ಇದು. ಯಾರ್ ಕೈಗಾದ್ರೂ ಒಂದೇ ಒಂದು ಕೊಟ್ಟಿದ್ರಾ, ಅಕ್ಕಯಮ್ನೋರೇ?" ಎಂದಳು ಆದಿಲಕ್ಷ್ಮಿ. ಅಕ್ಕಯಮ್ಮ ನಿಧಾನವಾಗಿ ಚಿರಂಜೀವಿಯ ಕಡೆ ತಿರುಗಿದಳು.