ಮುಂದಿನ ಸೀಟಿನ ತಂಗಿ

"ಮುಂದೆ ಕೂತ್ಕೋ, ತಂಗಿ."

ಹನ್ನೆರಡು ವರ್ಷ ಆದ ಮೇಲೆ ಝಾಯಿದ್ ಅವಳಿಗೆ ಹೇಳಿದ ಮೊದಲ ಮಾತು ಇದು!

ಮಿದೆಲ್ತ್ ಪೇಟೆಯಲ್ಲಿ, ಸೇಬಿನ ಪೆಟ್ಟಿಗೆಗಳ ನಡುವೆ, ತೂದಾ ನಿಂತಲ್ಲೇ ನಿಂತುಬಿಟ್ಟಳು. ರಾಜಧಾನಿ ರಬಾತ್‌ನಿಂದ ಬಸ್ಸಿನಲ್ಲಿ ಕೂತು ಕೂತು ಸೊಂಟ ಬಿದ್ದುಹೋಗಿತ್ತು. ಊರಿನ ವ್ಯಾನ್ ಈಗ ಇವನೇ ಓಡಿಸ್ತಾನೆ ಅಂತ ಯಾರಾದರೂ ಒಂದು ಮಾತು ಹೇಳಬಾರದಿತ್ತಾ?

"ನಾನು ಹಿಂದೆ ಕೂತ್ಕೋತೀನಿ."

"ಹಿಂದೆ ಗಂಡಸ್ರು, ಎರಡು ಕುರಿ, ಹಿಟ್ಟಿನ ಮೂಟೆ. ತಂಗೀನ ಅಲ್ಲಿ ಕೂರಿಸಿದ್ರೆ ಊರವರು ನನ್ನ ಮುಖಕ್ಕೆ ಉಗೀತಾರೆ. ಹತ್ತು."

'ತಂಗಿ ಅಂತೆ, ತಂಗಿ! ಎಷ್ಟು ಸಲೀಸಾಗಿ ಬರುತ್ತೆ ಇವನ ಬಾಯಲ್ಲಿ...'

ಹತ್ತಿದಳು. ಜಗಳ ಆಡೋಕೂ ತ್ರಾಣ ಇರಲಿಲ್ಲ ಪಾಪ.

ಅವನ ಗಡ್ಡದಲ್ಲಿ ಬಿಳಿ ಕೂದಲು ಕಂಡಿತು. ಮದುವೆ ಆಗಿಲ್ಲ ಅಂತ ಅವಳಿಗೆ ಗೊತ್ತಿತ್ತು. ಯಾಕೆ ಅಂತ ಕೇಳುವ ಧೈರ್ಯ ಮಾತ್ರ ಇರಲಿಲ್ಲ.

"ಈಗ ಏನು ಮಾಡ್ತಿದೀಯ?" ಎರಡು ತಿರುವು ದಾಟಿದ ಮೇಲೆ ಅವನೇ ಕೇಳಿದ.

"ಮಾನವಶಾಸ್ತ್ರ ಪಾಠ ಮಾಡ್ತೀನಿ. ನಮ್ಮ ಕಣಿವೆಯ ಹಾಲಿನ ನಂಟಿನ ಬಗ್ಗೆ ಪುಸ್ತಕ ಬರೀತಿದೀನಿ."

ಅವನು ಗೇರು ಬದಲಾಯಿಸಿದ. "ಗಾಯದ ಮೇಲೇ ಬೆರಳಿಟ್ಕೊಂಡು ಕೂತಿದೀಯ ಅನ್ನು."

ತೂದಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಣ್ಣು ತುಂಬಿದ್ದು ಇವನಿಗೆ ಕಾಣುವುದು ಬೇಡ...

ಆ ಗಾಯದ ಕಥೆ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ! ಒಬ್ಬ ತಾಯಿ ಎದೆಹಾಲು ಕೊಟ್ಟಳು ಅಂದರೆ ಆ ಮಗು ಅವಳ ಮಕ್ಕಳಿಗೆಲ್ಲ ಒಡಹುಟ್ಟಿದ ಹಾಗೆ. ಅವರ ನಡುವೆ ಮದುವೆ ಅನ್ನೋ ಮಾತೇ ಇಲ್ಲ. ಹನ್ನೆರಡು ವರ್ಷದ ಹಿಂದೆ, ತೂದಾಳ ಅಂಗೈಗೆ ಮದರಂಗಿ ಹಚ್ಚುವ ಹೊತ್ತಿಗೆ, ಝಾಯಿದ್‌ನ ಸೋದರತ್ತೆ ಯಾಮ್ನಾ ಎದ್ದು ನಿಂತಿದ್ದಳು. "ಅಲ್ಲಾಹನ ಮುಂದೆ ಸುಳ್ಳು ಹೇಳಲಾರೆ. ಈ ಹುಡುಗಿಗೆ ನಮ್ಮ ಹಾದ್ದಾ ಒಂದ್ಸಲ ಹಾಲು ಕೊಟ್ಟಿದ್ಲು."

ಹಾದ್ದಾ ಅಂದರೆ ಝಾಯಿದ್‌ನ ತಾಯಿ. ಅವಳಾಗಲೇ ತೀರಿಕೊಂಡಿದ್ದಳು. ತೂದಾಳಿಗೂ ತಂದೆತಾಯಿ ಇರಲಿಲ್ಲ. ಮಸೀದಿಯ ಧರ್ಮಪಂಡಿತರು, ಫಕೀಹರು, ಹುಡುಗಿಯ ಗುರುತಿನ ಚೀಟಿ ತರಿಸಿ ನೋಡಿದರು. ಎರಡು ವರ್ಷದೊಳಗೆ ಕುಡಿದ ಹಾಲೇ ನಂಟಿಗೆ ಲೆಕ್ಕ. ಹಾಲು ಕುಡಿದಾಗ ಅವಳಿಗೆ ವರ್ಷವೊಂದು ತುಂಬಿ ಒಂದು ತಿಂಗಳು. ಮುಗಿಯಿತು!

ಅದಕ್ಕೂ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಎಲ್ಲರ ಎದುರು ಝಾಯಿದ್ ಅಂದಿದ್ದ: "ಸರಿ. ಇವತ್ತಿಂದ ತೂದಾ ನನ್ನ ತಂಗಿ."

ಒಂದು ಮಾತು ಎದುರಾಡಲಿಲ್ಲ. ಒಂದು ಹನಿ ಕಣ್ಣೀರಿಲ್ಲ! ಮದರಂಗಿ ಕೆಂಪು ಮಾಸುವ ಮೊದಲೇ ತೂದಾ ಊರು ಬಿಟ್ಟಿದ್ದಳು.

---

ಒಂದು ವಾರ ಮನೆಮನೆ ತಿರುಗಿದಳು. ವಂಶವೃಕ್ಷದಲ್ಲಿ ಗಂಡಸರಿಗೆ ತ್ರಿಕೋನ, ಹೆಂಗಸರಿಗೆ ವೃತ್ತ, ಹಾಲಿನ ನಂಟಿಗೆ ಚುಕ್ಕಿಗೆರೆ... ಪುಸ್ತಕದ ತುಂಬ ಅದೇ. ಚಹಾ ಕುಡಿದೂ ಕುಡಿದೂ ಹೊಟ್ಟೆ ಉಬ್ಬರಿಸಿತು. ಇದನ್ನೆಲ್ಲ ಬರೆದು ಯಾರ ಮನೆ ಉದ್ಧಾರ ಆಗಬೇಕಿದೆ ಅಂತ ಅವಳಿಗೇ ಬೇಸರ ಬಂದಿತ್ತು.

ನಮ್ಮ ಮುದುಕಿಯರು ಇಸವಿ ಹೇಳುವವರಲ್ಲ. ಸೇತುವೆ ಕೊಚ್ಚಿಹೋದ ವರ್ಷ, ಮಿಡತೆ ಬಂದ ವರ್ಷ, ಶಾಲೆ ತೆರೆದ ವರ್ಷ, ದೊಡ್ಡ ಹಿಮದ ವರ್ಷ ಅನ್ನುತ್ತಾರೆ. ತೂದಾ ಅದಕ್ಕೇ ಒಂದು ಪಟ್ಟಿ ಮಾಡಿಕೊಂಡಿದ್ದಳು, ಯಾವ ಘಟನೆ ಯಾವ ಇಸವಿ ಅಂತ. ಅರ್ಧ ಊರಿಗೆ ಜನವರಿ ಒಂದೇ ಹುಟ್ಟಿದ ದಿನ, ಗುರುತಿನ ಚೀಟಿ ನಂಬಬೇಡಿ ಅಂತ ಶಿಷ್ಯರಿಗೆ ಪಾಠ ಮಾಡುವವಳು ಅವಳು. ತನ್ನ ಚೀಟಿಯಲ್ಲೂ ಜನವರಿ ಒಂದೇ ಇತ್ತು. ಅದರ ಮೇಲೆ ಒಂದು ದಿನವೂ ಅನುಮಾನ ಬರಲಿಲ್ಲ ನೋಡಿ, ಓದಿದವರ ಬುದ್ಧಿ!

ಕೊನೆಗೆ ಉಳಿದದ್ದು ಯಾಮ್ನಾ ಅತ್ತೆಯ ಮನೆ. ಅಂಗಳದಲ್ಲಿ ಝಾಯಿದ್ ಸೇಬಿನ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ತೂದಾ ಅವನ ಕಡೆ ನೋಡದೆ ಹೋಗಿ ಕೂತಳು.

"ನನ್ನ ಮೇಲೆ ಇನ್ನೂ ಕೋಪಾನಾ ಮಗಳೇ?" ಮುದುಕಿ ಕೇಳಿದಳು.

"ಕೋಪ ಮಾಡ್ಕೊಳ್ಳೋಕೂ ಸುಸ್ತಾಗಿದೆ ಅತ್ತೆ. ಹೇಳಿ, ಅವತ್ತು ಏನಾಯ್ತು? ಬರ್ಕೊಂಡು ಹೋಗ್ತೀನಿ."

"ದೊಡ್ಡ ಹಿಮದ ವರ್ಷ. ನಿಮ್ಮಮ್ಮನ್ನ ಕಂಬಳೀಲಿ ಕಟ್ಟಿ ಆಸ್ಪತ್ರೆಗೆ ಹೊತ್ಕೊಂಡು ಹೋದ್ರು. ವಾಪಸ್ ಬರ್ಲಿಲ್ಲ ಪುಣ್ಯಾತ್ಗಿತ್ತಿ. ನೀನು ಅತ್ತು ಅತ್ತು ಜ್ವರ ಬರಿಸ್ಕೊಂಡೆ. ಹಾದ್ದಾ ಆಗ ಬಾಣಂತಿ, ಎತ್ಕೊಂಡು ಎದೆಗೆ ಹಾಕಿದ್ಲು. ನೀನೋ, ರಾಕ್ಷಸಿ! ಬಾಯಿ ತುಂಬ ಹಲ್ಲು, ಕಚ್ಚಿಬಿಟ್ಟೆ. 'ಇದು ನಮ್ಮಮ್ಮಂದಲ್ಲ, ನಂಗೆ ರೊಟ್ಟಿ ಬೇಕು, ಜೇನು ಹಚ್ಚಿ ಕೊಡು' ಅಂತ ಜಗಳ ಬೇರೆ!"

ತೂದಾ ನಕ್ಕಳು. ಬರೆದುಕೊಂಡಳು. ಆಮೇಲೆ ಪೆನ್ನು ನಿಂತಿತು.

ಒಂದು ವರ್ಷದ ಮಗು... ಜೇನು ಹಚ್ಚಿ ಕೊಡು ಅಂತ ಜಗಳ ಆಡುತ್ತಾ?

"ಅತ್ತೆ... ನಾನು ಹುಟ್ಟಿದ್ದು ಯಾವ ವರ್ಷ?"

"ಸೇತುವೆ ಕೊಚ್ಚಿಹೋದ ವರ್ಷ. ಸೂಲಗಿತ್ತಿ ಹೊಳೆ ದಾಟೋಕಾಗದೆ ಆ ದಡದಲ್ಲೇ ಕೂತಿದ್ಲು. ಹೊಕ್ಕುಳ ಬಳ್ಳಿ ಕತ್ತರಿಸಿದ್ದು ನಾನು!"

ತೂದಾಳ ಬೆರಳು ಪಟ್ಟಿಯ ಮೇಲೆ ಓಡಿತು. ಸೇತುವೆ. ಮಿಡತೆ. ಶಾಲೆ. ದೊಡ್ಡ ಹಿಮ. ಮತ್ತೆ ಮೊದಲಿಂದ ಎಣಿಸಿದಳು. ಹೆಚ್ಚುಕಡಿಮೆ ಮೂರು ವರ್ಷ!

"ಚೀಟೀಲಿ ದೊಡ್ಡ ಹಿಮದ ಹಿಂದಿನ ವರ್ಷ ಅಂತಿದೆಯಲ್ಲ ಅತ್ತೆ!"

"ನಿಮ್ಮಪ್ಪ ನಿನ್ನ ಹೆಸರು ಬರೆಸಿದ್ದು ಯಾವಾಗ ಗೊತ್ತಾ? ನಿಮ್ಮಮ್ಮನ ಸಾವು ಬರೆಸೋಕೆ ಹೇಸರಗತ್ತೆ ಮೇಲೆ ಪೇಟೆಗೆ ಹೋದಾಗ. ಮಗೂಗೆ ಎಷ್ಟು ವಯಸ್ಸು ಅಂತ ಗುಮಾಸ್ತ ಕೇಳಿದ್ನಂತೆ. ನಿಮ್ಮಪ್ಪಂಗೆ ಅಳು ನಿಂತ್ರೆ ತಾನೇ? 'ಚಿಕ್ಕದು, ತುಂಬ ಚಿಕ್ಕದು' ಅಂದ್ನಂತೆ. ಗುಮಾಸ್ತ ಒಂದು ಅಂತ ಬರ್ಕೊಂಡ."

"ಇದನ್ನ ಅವತ್ತು ಯಾಕೆ ಹೇಳ್ಲಿಲ್ಲ ಅತ್ತೆ?" ತೂದಾ ಕೇಳಿದಳು.

"ಯಾರು ಕೇಳಿದ್ರು? ಹಾಲು ಕುಡಿದದ್ದು ಹೌದಾ ಅಲ್ವಾ ಅಂದ್ರು, ಹೌದು ಅಂದೆ. ವಯಸ್ಸು ಕಾಗದ ನೋಡಿ ಬರ್ಕೊಂಡ್ರು. ಕಾಗದದಲ್ಲಿ ಏನಿತ್ತೋ ನನಗೇನು ಗೊತ್ತು, ಓದು ಬಾರದವಳು?"

ಅಂಗಳದಲ್ಲಿ ಸುತ್ತಿಗೆಯ ಸದ್ದು ಯಾವಾಗಲೋ ನಿಂತಿತ್ತು.

ತೂದಾ ತಿರುಗಿ ನೋಡಿದಳು. ಝಾಯಿದ್ ಅವಳನ್ನೇ ನೋಡುತ್ತಿದ್ದ. ಸುತ್ತಿಗೆ ಅಲ್ಲೇ ಇಟ್ಟು ಹೊರಟುಹೋದ.

---

ಫಕೀಹರಿಗೀಗ ಕಣ್ಣು ಮಂಜು. ತೂದಾ ಪಟ್ಟಿಯನ್ನು ಓದಿ ಹೇಳಿದಳು. ಯಾಮ್ನಾ ಅತ್ತೆ ಆಣೆ ಮಾಡಿದಳು. ಹಿಮದ ವರ್ಷ ನೋಡಿದ ಇನ್ನಿಬ್ಬರು ಮುದುಕಿಯರೂ ಬಂದು ಅದನ್ನೇ ಹೇಳಿದರು.

"ಎರಡು ವರ್ಷ ದಾಟಿ, ಹಾಲು ಬಿಟ್ಟು ರೊಟ್ಟಿ ತಿನ್ನೋ ಮಗು ಕುಡಿದ್ರೆ ಅದರಿಂದ ನಂಟು ಹುಟ್ಟಲ್ಲ," ಅಂದರು ಫಕೀಹರು. ಆಮೇಲೆ ತಲೆ ತಗ್ಗಿಸಿದರು. "ನಾನು ಕಾಗದ ನಂಬಿದೆ ಮಗಳೇ. ಈ ಹೆಂಗಸರನ್ನ ಇನ್ನೊಂದು ಪ್ರಶ್ನೆ ಕೇಳ್ಬೇಕಿತ್ತು. ಕ್ಷಮಿಸು."

ತೂದಾಳಿಗೆ ಖುಷಿಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಹನ್ನೆರಡು ವರ್ಷ! ಯಾರ ಕೊರಳಪಟ್ಟಿ ಹಿಡಿದು ಕೇಳುವುದು?

ಮತ್ತೆ ಅವನು? ಸುದ್ದಿ ಊರೆಲ್ಲ ಹಬ್ಬಿದರೂ ಎರಡು ದಿನ ಈ ಕಡೆ ಸುಳಿಯಲಿಲ್ಲ. 'ತಂಗಿ ಅಂತ ಕರೆದು ಕರೆದು ನಿಜವಾಗಲೂ ತಂಗಿಯೇ ಆಗಿಬಿಟ್ಟೆನಾ ಅವನಿಗೆ? ಸಾಕು. ನನಗೂ ವಯಸ್ಸಾಯ್ತು. ಹೋಗಿಬಿಡ್ತೀನಿ...'

ಮೂರನೆಯ ದಿನ ಬೆಳಿಗ್ಗೆ ಚೀಲ ಹೊತ್ತು ವ್ಯಾನಿನ ಹತ್ತಿರ ಬಂದಳು. ಇವತ್ತು ಕುರಿಯೂ ಇಲ್ಲ, ಮೂಟೆಯೂ ಇಲ್ಲ. ಝಾಯಿದ್ ಗಡ್ಡ ತೆಗೆಸಿಕೊಂಡು, ಒಗೆದ ಜಲ್ಲಾಬ ನಿಲುವಂಗಿ ತೊಟ್ಟು, ಮುಂದಿನ ಬಾಗಿಲಿಗೆ ಬೆನ್ನುಕೊಟ್ಟು ನಿಂತಿದ್ದ.

ತೂದಾ ಬಾಗಿಲಿಗೆ ಕೈ ಚಾಚಿದಳು.

"ಇಲ್ಲಿ ಕೂರೋಹಾಗಿಲ್ಲ."

"ಯಾಕೆ? ಹೋದ ವಾರ ಕೂರಿಸ್ಕೊಂಡು ಬಂದ್ಯಲ್ಲ!"

"ಹೋದ ವಾರ ನೀನು ತಂಗಿ."

"ಆ ಮಾತು ಎತ್ತಬೇಡ! ಅವತ್ತೂ ಹೀಗೇ ಕಲ್ಲಿನ ಹಾಗೆ ನಿಂತು ಹೇಳಿದೆ, ಇವತ್ತಿಂದ ತೂದಾ ನನ್ನ ತಂಗಿ ಅಂತ. ಅಷ್ಟು ಸುಲಭ ಇತ್ತಾ ನಿನಗೆ?"

"ಸುಲಭಾನಾ?" ಅಂದ ಅವನು. "ಹೆಂಡತಿ ಆಗಲ್ಲ ಅಂದ್ರು. ಏನೂ ಅಲ್ಲದವಳು ಅಂದ್ಬಿಟ್ರೆ ನಿನ್ನ ಬಾಗಿಲಿಗೆ ಬರೋಹಾಗಿಲ್ಲ, ಚೀಲ ಹೊರೋಹಾಗಿಲ್ಲ, ಚೆನ್ನಾಗಿದೀಯಾ ಅಂತ ಕೇಳೋಹಾಗೂ ಇಲ್ಲ. ತಂಗಿ ಅಂದ್ರೆ ಅಷ್ಟಾದ್ರೂ ಸಿಗುತ್ತಲ್ಲ ಅಂತ... ಸಿಕ್ಕಿದ್ದಷ್ಟನ್ನೇ ಹಿಡ್ಕೊಂಡೆ ಕಣೇ. ನೀನು ಅದನ್ನೂ ಬಿಡಿಸ್ಕೊಂಡು ಊರೇ ಬಿಟ್ಟೋದೆ."

ತೂದಾಳ ಕೈಯಿಂದ ಚೀಲ ಜಾರಿತು. ಹನ್ನೆರಡು ವರ್ಷ ಅವಳು ಕೋಪ ಮಾಡಿಕೊಂಡಿದ್ದ ಆ ಒಂದು ಮಾತಿನ ಅರ್ಥ ಇದಾ! ಅಳು ಉಕ್ಕಿ ಬಂತು, ತಡೆಯಲಿಲ್ಲ.

"ಎರಡು ದಿನ ಯಾಕೆ ಬರ್ಲಿಲ್ಲ ಮತ್ತೆ?"

"ಹೇಗೆ ಬರ್ಲಿ? ಈಗ ನಾನು ಪರಗಂಡಸು. ನಿಮ್ಮ ದೊಡ್ಡಪ್ಪನ್ನ ಹೆಣ್ಣು ಕೇಳೋಕೆ ಪಕ್ಕದ ಕಣಿವೆಗೆ ಹೋಗಿದ್ದೆ. ಅವರು ಆಗಲಿ ಅಂದ್ರು. ನೀನು ಹೇಳ್ಬೇಕು ಅಷ್ಟೇ."

"ಯೋಚನೆ ಮಾಡು. ಕಾಗದದಲ್ಲಿ ನನಗೆ ಮೂವತ್ನಾಲ್ಕು. ನಿಜವಾಗಿ ಮೂವತ್ತಾರು. ಒಂದೇ ವಾರದಲ್ಲಿ ಎರಡು ವರ್ಷ ಮುದುಕಿಯಾದೆ."

"ಆ ಎರಡು ವರ್ಷಕ್ಕೆ ತಾನೇ ನಾನು ಹನ್ನೆರಡು ವರ್ಷ ಕಾದದ್ದು."

ಅವಳು ಅಳುತ್ತಲೇ ನಕ್ಕಳು. "ಆಗಲಿ," ಅಂದಳು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

ಅವನಿಗೆ ಕೇಳಿಸಿತು. ಕಣ್ಣೊರೆಸಿಕೊಂಡು ಹಿಂದಿನ ಬಾಗಿಲು ತೆಗೆದ. ಒಳಗೆ ಯಾಮ್ನಾ ಅತ್ತೆ ಮೊದಲೇ ಬಂದು ಕೂತಿದ್ದಳು, ಮಡಿಲಲ್ಲಿ ರೊಟ್ಟಿ, ಜೇನಿನ ಜಾಡಿ.

"ಬಾರೇ ರಾಕ್ಷಸಿ! ಮದುವೆ ಕಾಗದ ಬರೆಸೋವರೆಗೂ ನಾನೇ ಕಾವಲು," ಅಂದಳು ಮುದುಕಿ.

ಝಾಯಿದ್ ಬಾಗಿಲು ಹಿಡಿದು ನಿಂತಿದ್ದ. ಅವಳ ಮುಖ ನೋಡಲು ನಾಚಿ ನೆಲ ನೋಡುತ್ತಿದ್ದ.

"ಹಿಂದೆ ಕೂತ್ಕೋ, ತೂದಾ."

"ಇನ್ನೊಂದ್ಸಲ ಹೇಳು."

"ಹಿಂದೆ ಕೂತ್ಕೋ..."

"ಅದಲ್ಲ. ಹೆಸರು."

"ತೂದಾ," ಅಂದ ಅವನು. "ತೂದಾ."