ಮಸಿ ಹಿಡಿಯದ ಸ್ಟಾಂಪು

ಅಂಚೆ ಕಚೇರಿಯ ಕಿಂಡಿಯಲ್ಲಿ ಕೂತ ಮುದ್ರೆ ಮೇಡಂ ಮುದ್ರೆ ಒತ್ತಿದರೆ ಪಕ್ಕದ ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಹನ್ನೊಂದು ವರ್ಷದಲ್ಲಿ ಅವಳು ಒತ್ತಿದ ಮುದ್ರೆಗಳನ್ನು ಸಾಲಾಗಿಟ್ಟರೆ ಚಂದ್ರನವರೆಗೆ ಹೋಗಿ, ಅಲ್ಲೊಂದು ಕಾಗದ ಹಾಕಿ, ಉತ್ತರ ತೆಗೆದುಕೊಂಡೇ ವಾಪಸು ಬರಬಹುದಿತ್ತು. ಅಂಥವಳ ಮುದ್ರೆ ಒಂದು ಮಂಗಳವಾರ ಸೋತಿತು. ಮಸಿ ಸ್ಟಾಂಪಿನ ಮೇಲೆ ಕೂರಲೊಲ್ಲದೆ ಹನಿಹನಿಯಾಗಿ ಜಾರಿತು.

ಅವಳು ತಲೆಯೆತ್ತಿದಳು. ಕಿಂಡಿಯಾಚೆ ಸೊಂಟದವರೆಗೆ ಕೂದಲು ಬಿಟ್ಟ ಒಬ್ಬ ಗಂಡಸು, ಕಪ್ಪು ಅಂಗಿಯ ಮೇಲೆ ತಲೆಬುರುಡೆಯ ಚಿತ್ರ. ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವವನು. ಊರಿನ ಅರ್ಧ ಮುದುಕರು ನಗುತ್ತಿದ್ದುದು ಅವನ ಕೈಗುಣದಿಂದ.

"ಸ್ಟಾಂಪಿಗೆ ಏನ್ ಹಚ್ಚಿದೀರಿ?"

"ಅಂಟು." ಅವನು ಸುಳ್ಳು ಹೇಳುವ ಶ್ರಮ ತೆಗೆದುಕೊಳ್ಳಲಿಲ್ಲ. "ಮೇಲೆ ತೆಳ್ಳಗೆ ಸವರಿ ಒಣಗಿಸ್ತೀವಿ. ಆ ಕಡೆಯವ್ರು ನೀರಲ್ಲಿ ಅದ್ದಿದ್ರೆ ಮಸಿ ಹೋಗುತ್ತೆ, ಸ್ಟಾಂಪ್ ವಾಪಸ್ ಕಳಿಸ್ತಾರೆ, ಮತ್ತೆ ಅದನ್ನೇ ಅಂಟಿಸ್ತೀವಿ. ನಮ್ಮೋರೆಲ್ಲ ಹೀಗೇ ಮೇಡಂ. ಇಪ್ಪತ್ತು ದೇಶದಲ್ಲಿ."

"ನಿಮ್ಮೋರು ಅಂದ್ರೆ ಕಳ್ಳರಾ?"

"ಹೆವಿ ಮೆಟಲ್ ಕೇಳೋರು. ಅಂಗಡೀಲಿ ಸಿಗಲ್ಲ. ಕ್ಯಾಸೆಟ್ಟಿಗೆ ಕ್ಯಾಸೆಟ್ ಕಳಿಸಿ ಕೇಳಬೇಕು."

ಹಿಡಿದುಕೊಡಬೇಕಿತ್ತು. ಆದರೆ ಅವನ ಕಣ್ಣು ಅವಳ ಮೂಗಿನ ಮೇಲಿದ್ದ ಮಸಿಯ ಚುಕ್ಕೆಯಲ್ಲಿ ನಿಂತಿತ್ತು, ತುಟಿ ನಗು ತಡೆದು ತಡೆದು ಸುಸ್ತಾಗಿತ್ತು. ಅವಳು ಮೂಗು ಒರೆಸಿಕೊಂಡಳು. ಚುಕ್ಕೆ ಕೆನ್ನೆಗೆ ಹೋಯಿತು. ಪೊಟ್ಟಣ ಚೀಲಕ್ಕೆ ಹೋಯಿತು. ಅವಳ ಜೀವ ಎಲ್ಲಿಗೆ ಹೋಯಿತೋ ಅವಳಿಗೇ ಲೆಕ್ಕ ಸಿಗಲಿಲ್ಲ.

ಅಂದಿನಿಂದ ಪ್ರತಿ ಮಂಗಳವಾರ ಕಿಂಡಿಯಲ್ಲೇ ಪಾಠ. ವಾಕ್‌ಮನ್‌ನ ತಂತಿ ಕಿಂಡಿಯ ಕೆಳಗಿನಿಂದ ಒಳಗೆ ಬರುತ್ತಿತ್ತು. ಒಂದು ಇಯರ್‌ಫೋನ್ ಅವಳ ಕಿವಿಗೆ, ಇನ್ನೊಂದು ಅವನ ಕಿವಿಗೆ. ಹಿಂದೆ ನಿಂತ ಸಾಲು ದಿಗಂತ ಮುಟ್ಟಿದರೂ ಇಬ್ಬರಿಗೂ ಕಾಣುತ್ತಿರಲಿಲ್ಲ.

"ಒಬ್ಬ ಕಾರ್ಖಾನೆ ಹುಡುಗ, ಗಿಟಾರ್ ಹುಚ್ಚು. ಮಷೀನಿಗೆ ಬೆರಳ ತುದಿ ಕೊಟ್ಟ. ಆಮೇಲೆ ತಂತಿ ಒತ್ತಿದ್ರೆ ನೋವು. ಅದಕ್ಕೆ ತಂತಿ ಸಡಿಲ ಮಾಡ್ದ. ಸದ್ದು ಭಾರ ಆಯ್ತು. ಎಲ್ಲ ಅಲ್ಲಿಂದ ಹುಟ್ಟಿದ್ದು."

"ನೋವಿಂದಾನಾ?"

"ಸಡಿಲ ಬಿಟ್ಟಿದ್ದರಿಂದ," ಎಂದು ಅವನು ಅವಳ ಬಿಗಿಯಾದ ಜಡೆ ನೋಡಿದ. ಮುಂದಿನ ಮಂಗಳವಾರ ಜಡೆ ಸ್ವಲ್ಪ ಸಡಿಲವಾಗಿತ್ತು. ಇಬ್ಬರೂ ಅದನ್ನು ಗಮನಿಸಿಲ್ಲವೆಂದು ನಟಿಸಿದರು, ಕೆಟ್ಟದಾಗಿ.

ಉಸಿರುಗಟ್ಟಿ ಓಡುವ ಥ್ರ್ಯಾಶ್ ಮೆಟಲ್ ಕ್ಯಾಸೆಟ್ ಮನೆಗೆ ಒಯ್ದ ದಿನ ಅವಳ ಅಕ್ಕ ಸೌಟು ಹಿಡಿದು ಓಡಿಬಂದಳು. "ಯಾರೇ ಅದು, ಪಾತ್ರೆ ಅಟ್ಟ ಬೀಳಿಸಿದ್ದು?" ಡೆತ್ ಮೆಟಲ್ ಕೇಳಿ, "ಪಾಪ, ಯಾರಿಗೋ ಗಂಟಲು ಕಟ್ಟಿದೆ, ಬಿಸಿನೀರು ಕುಡಿಸ್ರೇ," ಎಂದಳು. ಹಿಮದ ದೇಶದ ಬ್ಲ್ಯಾಕ್ ಮೆಟಲ್ ಬೇಕೆಂದೇ ಕೆಟ್ಟದಾಗಿ ರೆಕಾರ್ಡ್ ಮಾಡಿದ್ದು, ಗಾಳಿಗೆ ಸಿಕ್ಕ ತಗಡಿನಂತೆ ಕಿರುಚಿತು. ಅಕ್ಕ ಕಿಟಕಿ ಮುಚ್ಚಿ ಬಂದು ತಂಗಿಯ ಮುಖ ನೋಡಿದಳು. "ಓಹೋ. ಕೊಟ್ಟೋನು ಯಾರು?"

ಅವಳಿಗೆ ಹಿಡಿಸಿದ್ದು ಡೂಮ್ ಮೆಟಲ್, ಎಲ್ಲಕ್ಕಿಂತ ನಿಧಾನದ್ದು. ಒಂದು ಸ್ವರ ಬಿದ್ದು, ಸತ್ತು, ಮಣ್ಣಾದ ಮೇಲೆ ಇನ್ನೊಂದು ಬೀಳುತ್ತಿತ್ತು. ತನ್ನ ಪ್ರೀತಿಯೂ ಅದೇ ವೇಗದ್ದು. ಅವನು ಬಾಯಿ ಬಿಡಲಿಲ್ಲ. ತಾನಾಗಿ ಕೇಳುವಷ್ಟು ಧೈರ್ಯ ಅವಳಿಗಿರಲಿಲ್ಲ. ಒಂದು ಮಾತಿಗಾಗಿ ಅವಳು ಎಂಟು ತಿಂಗಳು ಕಾದಳು.

ಮಾತಿಗಿಂತ ಮೊದಲು ಅಂಚೆ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು. ತೊಳೆದ ಸ್ಟಾಂಪಿನ ನಲವತ್ತು ಕವರು ಮೇಲಿನ ಕಚೇರಿಗೆ ಸಿಕ್ಕಿದ್ದವು, ಒಂದೇ ಕೈಬರಹ. ಅವರ ಭೂತಗನ್ನಡಿಯಲ್ಲಿ ಸೊಳ್ಳೆಯ ಗುಟ್ಟೂ ಕಾಣುತ್ತಿತ್ತು. ಅವರು ಮುದ್ರೆ ಮೇಡಂನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಅವಳು ಅಕ್ಕನ ಕೈಲಿ ಹಲ್ಲಿನ ಅಂಗಡಿಗೆ ಹೇಳಿಕಳಿಸಿದಳು: ಬರಬೇಡಿ.

ಅವನು ಬರಲಿಲ್ಲ. ಕಾಗದ ಬಂತು.

ಬೆಳಗಿನ ಚೀಲದಿಂದ ಅದನ್ನು ಎತ್ತಿದ್ದು ಇನ್ಸ್‌ಪೆಕ್ಟರ್. ಒದ್ದೆ ಬೆರಳಲ್ಲಿ ಸ್ಟಾಂಪು ಸವರಿದರು. ಮಸಿ ಬೆರಳಿಗೆ ಬಂತು. ಅಭ್ಯಾಸ ಎಂಥ ಪಾಪಿ. ಪ್ರೇಮಪತ್ರದ ಸ್ಟಾಂಪಿಗೂ ಅವನು ಅಂಟು ಸವರಿದ್ದ.

"ಇದು ನಿಮಗೇ ಬಂದಿದೆ, ತಾಯಿ."

ಅವಳು ಬರಹ ನೋಡಿದಳು. ಎದೆ ಥ್ರ್ಯಾಶ್ ಬಾರಿಸಿತು.

"ನಿಮ್ಮ ಕಾಗದ ನಾನು ಬಿಚ್ಚೋ ಹಾಗಿಲ್ಲ," ಎಂದರು ಅವರು, ತಂದೆಯಂತೆ ಮೃದುವಾಗಿ. "ತಗೊಂಡ್ರೆ ನನ್ನೆದುರೇ ಬಿಚ್ಚಿ, ಕಳಿಸಿದವರ ಹೆಸರು ಹೇಳಬೇಕು. ಬೇಡ ಅಂದ್ರೆ ನಿರಾಕರಿಸಿದೆ ಅಂತ ಬರೀರಿ. ಕಳಿಸಿದವರ ವಿಳಾಸ ಇಲ್ಲ, ಸುಡೋ ಚೀಲಕ್ಕೆ ಹೋಗುತ್ತೆ."

ಹನ್ನೊಂದು ವರ್ಷ ಲೋಕದ ಕಾಗದಗಳನ್ನೆಲ್ಲ ದಾಟಿಸಿದವಳಿಗೆ ಬಂದ ಮೊದಲ ಕಾಗದ ಅದು. ಅದರ ಬೆನ್ನಿನ ಮೇಲೆ ಅವಳು 'ನಿರಾಕರಿಸಲಾಗಿದೆ' ಎಂದು ಬರೆದಳು. ಅಕ್ಷರ ಸ್ವಲ್ಪವೂ ನಡುಗಲಿಲ್ಲ. ಅದಕ್ಕೆ ಬೇಕಾದ ಬಲದಲ್ಲಿ ಒಂದು ರೈಲು ನಿಲ್ಲಿಸಬಹುದಿತ್ತು.

ಎರಡು ವಾರದ ಮೇಲೆ, ಇನ್ಸ್‌ಪೆಕ್ಟರ್ ಊಟಕ್ಕೆ ಎದ್ದ ಹೊತ್ತಿಗೆ, ಅವನು ಕಿಂಡಿಗೆ ಬಂದ. ಕೈಯಲ್ಲಿ ವಿಳಾಸ ಬದಲಾವಣೆಯ ಫಾರಂ.

"ದೂರದ ಬ್ಯಾಂಡಿನೋರು ಬೇಸ್ ಗಿಟಾರ್ ಬಾರಿಸೋಕೆ ಕರೆದಿದಾರೆ. ಹೋಗ್ತಿದೀನಿ. ಶುಕ್ರವಾರದೊಳಗೆ ನೀವು ಉತ್ತರ ಕೊಟ್ರೆ ಇರ್ತೀನಿ ಅಂತ ಬರೆದಿದ್ದೆ. ಬರಲಿಲ್ಲ. ಅದೇ ಉತ್ತರ ಅಂದ್ಕೊಂಡೆ."

"ನಾನು ಓದ್ಲೇ ಇಲ್ಲ. ಸ್ಟಾಂಪಿಗೆ ಅಂಟು ಹಚ್ಚಿದ್ರಿ. ಇನ್ಸ್‌ಪೆಕ್ಟರ್ ಕೈಗೆ ಸಿಕ್ತು. ನಾನೇ ಬೇಡ ಅಂತ ಬರೆದೆ."

ಅವನು ಹಣೆಯನ್ನು ಕಿಂಡಿಯ ಸರಳಿಗೆ ಒರಗಿಸಿದ. "ಕೊನೇಲಿ 'ದಯವಿಟ್ಟು ಸ್ಟಾಂಪ್ ವಾಪಸ್ ಕಳಿಸಿ' ಅಂತಾನೂ ಬರೆದಿದ್ದೆ ಅನ್ಸುತ್ತೆ."

ಇಬ್ಬರಿಗೂ ನಗು ಬಂತು. ನಗು ಮುಗಿದ ಮೇಲೆ ಕಣ್ಣಲ್ಲಿ ಉಳಿದದ್ದು ಬೇರೆ.

"ಈಗ ಹೇಳ್ತೀನಿ, ಕೇಳಿ. ನಿಲ್ಲು ಅಂದ್ರೆ ನಿಲ್ತೀನಿ. ಇಲ್ಲಾಂದ್ರೆ ನೀವೂ ಬನ್ನಿ."

ಅವಳು ಮೇಜಿನ ಮೇಲಿನ ಕಟ್ಟು ತೋರಿಸಿದಳು. ನಲವತ್ತು ಕವರು. "ಕೌಂಟರಿಗೆ ಬರೋರ ಬರಹಾನೆಲ್ಲ ಇದ್ರ ಜೊತೆ ಹೋಲಿಸ್ತಿದಾರೆ. ನೀವಿಲ್ಲೇ ಇದ್ರೆ ಈ ವಾರ ಇಲ್ಲಾಂದ್ರೆ ಬರೋ ವಾರ ಸಿಕ್ಕಿಬೀಳ್ತೀರಿ. ನಾನು ನಿಮ್ಮ ಜೊತೆ ಎದ್ದು ಬಂದ್ರೆ ನಾಳೆನೇ."

ಅವಳು ಅವನು ತುಂಬಿ ತಂದಿದ್ದ ಫಾರಂ ಹರಿದು, ಚೂರುಗಳನ್ನು ಬ್ಲೌಸಿನೊಳಗೆ ತುರುಕಿಕೊಂಡಳು. ಹೊಸದೊಂದನ್ನು ತೆಗೆದು ತನ್ನ ಕೈಬರಹದಲ್ಲಿ ತುಂಬಿದಳು. ಅವನು ಹೊಸ ವಿಳಾಸವನ್ನು ಒಂದೊಂದೇ ಪದವಾಗಿ ಹೇಳಿದ, ಡೂಮ್‌ಗಿಂತ ನಿಧಾನವಾಗಿ. ಪಿನ್ ನಂಬರಿಗೆ ಬಂದಾಗ ಬೆರಳಲ್ಲಿ ತೋರಿಸಿದ.

ಇನ್ಸ್‌ಪೆಕ್ಟರ ಚಪ್ಪಲಿ ಸದ್ದು ಕೇಳಿಸಿತು.

"ಹೋಗು," ಎಂದಳು.

ಆ ಫಾರಂ ಆರು ತಿಂಗಳು ಚಾಲ್ತಿಯಲ್ಲಿರುತ್ತಿತ್ತು. ಇಪ್ಪತ್ತು ದೇಶಗಳ ಕ್ಯಾಸೆಟ್ಟುಗಳು ಅವನ ಹಳೆಯ ವಿಳಾಸಕ್ಕೆ ಬರುತ್ತಲೇ ಇದ್ದವು. ಅವಳು ಒಂದೊಂದರ ಮೇಲೂ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆದು ಕಳಿಸಿದಳು. ಇನ್ಸ್‌ಪೆಕ್ಟರ ಕಣ್ಣೆದುರಿಗೇ, ಕಾನೂನುಬದ್ಧವಾಗಿ, ದಿನಕ್ಕೆ ನಾಲ್ಕು ಸಲ ಅವನ ಹೆಸರು ಬರೆದಳು. ಆಮೇಲೆ ದಿನಕ್ಕೆ ಎರಡು. ಆಮೇಲೆ ವಾರಕ್ಕೊಂದು. ಅವನು ಒಬ್ಬೊಬ್ಬರಿಗೂ ಹೊಸ ವಿಳಾಸ ತಿಳಿಸುತ್ತಿದ್ದಿರಬೇಕು. ಐದನೆಯ ತಿಂಗಳ ಒಂದು ಮಂಗಳವಾರ ಚೀಲ ಸುರಿದು ಅವಳು ಎರಡು ಸಲ ಹುಡುಕಿದಳು. ಅವನ ಹೆಸರಿನದು ಒಂದೂ ಇರಲಿಲ್ಲ. ಲೋಕಕ್ಕೆಲ್ಲ ಅವನಿರುವ ಜಾಗ ಗೊತ್ತಾಗಿತ್ತು.