ಎದುರು ಚರ್ಚಿನ ಒಂದೇ ಸ್ವರ

"ಈ ಬಿಳಿ ಕೀ ಸ್ವಲ್ಪ ಒತ್ತಿ ಹಿಡ್ಕೊಳ್ತೀರಾ? ನಾನು ಹೇಳೋವರೆಗೂ ಬಿಡಬೇಡಿ!"

ಆರ್ಗನ್ನಿನ ಹೊಟ್ಟೆಯೊಳಗಿಂದ ಬಂದ ಗಂಡಸಿನ ದನಿಗೆ ಅವಳು ಬೆಚ್ಚಿಬಿದ್ದಳು. ಗುರುಗಳ ಪೂಜಾವಸ್ತ್ರ ಹೊಲಿಯುವ ಅವಳು ಪೀಠದ ಬಟ್ಟೆಯ ಅಳತೆಗೆಂದು ತಮ್ಮ ಗುಡಿಗೆ ಬಂದಿದ್ದಳು. ಮೇಲೆ ಸದ್ದಾಯಿತೆಂದು ಮೆಟ್ಟಿಲು ಹತ್ತಿದ್ದಳು, ಅಷ್ಟೇ.

ಒತ್ತಿದಳು. ಒಂದೇ ಸ್ವರ, ಉದ್ದಕ್ಕೆ... ಅವನು ಒಳಗೆ ಕೊಳವೆಯನ್ನು ತಿದ್ದುತ್ತಿದ್ದ. ಮುಕ್ಕಾಲು ಗಂಟೆಯ ನಂತರ ಧೂಳು ಮೆತ್ತಿದ ಮುಖವೊಂದು ಹೊರಬಂದು ನಕ್ಕಿತು.

"ಯಾವ ಚರ್ಚಿನವರು ನೀವು?" ಅವಳು ಕೇಳಿದಳು.

"ಎದುರಿನ ಚರ್ಚಿನವನು."

ಅವಳು ಚಟ್ಟನೆ ಕೈ ತೆಗೆದಳು.

"ಯಾಕ್ರೀ, ಸುಡ್ತಾ?"

ಸುಟ್ಟಿತ್ತು. ಕೈಯಲ್ಲ!

ಅವಳದು ಹಳೆಯ ಲ್ಯಾಟಿನ್ ಪೂಜೆಯನ್ನು ಬಿಡದ ಕಥೋಲಿಕರ ಚಿಕ್ಕ ಗುಡಿ. ರಸ್ತೆಯಾಚೆ ಪ್ರೊಟೆಸ್ಟೆಂಟರ ಚರ್ಚು. ಪ್ರತಿದಿನ ಪೀಠ ಸಿದ್ಧಪಡಿಸುವ ಅಪ್ಪ ಹೇಳುತ್ತಿದ್ದರು: ಕ್ರಿಸ್ತ ಕಟ್ಟಿದ್ದು ಒಂದೇ ಸಭೆ, ಬಿಟ್ಟುಹೋದವರು ಮರಳಿ ಬಂದರೆ ಅದೇ ಒಗ್ಗಟ್ಟು. ಅವಳೂ ಮನಸಾರೆ ನಂಬಿದ್ದಳು. ಹರಿದ ಬಟ್ಟೆಗೆ ಗುಂಡುಸೂಜಿ ಚುಚ್ಚಿ ಹೊಲಿದಾಯಿತು ಎಂದರೆ ಆದೀತೇ? ಪಕ್ಕಪಕ್ಕ ನಿಂತು ಹಾಡಿದ ಮಾತ್ರಕ್ಕೆ ಒಂದಾದೇವೇ?

ಎರಡು ತಿಂಗಳು ರಿಪೇರಿ ನಡೆಯಿತು. ಎರಡು ತಿಂಗಳೂ ಅವಳೇ ಕೀ ಹಿಡಿದಳು. ನಗು, ವಾದ, ಮತ್ತೆ ನಗು...

ಕೆಲಸ ಮುಗಿಯಿತು. ಅವನ ಮಾತೂ ನಿಂತಿತು!

ಪ್ರತಿ ಮಂಗಳವಾರ ಅವನು ಗುಡಿಯ ಫಾದರ್ ಮನೆಗೆ ಬರುತ್ತಿದ್ದ. ಅವಳನ್ನು ಕಂಡರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಇನ್ನೂ ಏನೋ ರಿಪೇರಿಯ ಮಾತಿರಬೇಕು ಎಂದುಕೊಂಡಳು. ನಾನು ಏನು ತಪ್ಪು ಮಾಡಿದೆ?

ಹೀಗೇ ಆರು ತಿಂಗಳಾಗುತ್ತಾ ಬಂತು. ಒಂದು ಮಧ್ಯಾಹ್ನ ರಸ್ತೆಯಾಚೆಯಿಂದ ಸ್ವರವೊಂದು ಕೇಳಿತು. ಒಂದೇ ಸ್ವರ. ಉದ್ದಕ್ಕೆ. ಅವಳ ಸೂಜಿ ನಿಂತುಹೋಯಿತು.

ಯಾರೋ ಕೀ ಹಿಡಿದಿದ್ದಾರೆ... ಯಾರು?

ಕಿಟಕಿಯಿಂದ ಬಗ್ಗಿ ನೋಡಿದಳು. ಸ್ವರ ನಿಂತ ಮೇಲೆ ಅವನ ಜೊತೆ ಹೊರಬಂದವಳು ಆ ಚರ್ಚಿನ ಹಾಡಿನ ಟೀಚರ್. ಅವನ ಭುಜದ ಧೂಳು ಕೊಡವುತ್ತಿದ್ದಳು!

"ಅಪ್ಪಾ, ಅವರ ಆರ್ಗನ್ ಸದ್ದಿಗೆ ಜಪಮಾಲೆ ಲೆಕ್ಕ ತಪ್ಪುತ್ತೆ!"

"ಮೂವತ್ತು ವರ್ಷದಿಂದ ತಪ್ಪದ್ದು ಈಗ ತಪ್ತಾ?" ಅಪ್ಪ ಕನ್ನಡಕದ ಮೇಲಿಂದ ನೋಡಿದರು.

ಅವನ ಆತ್ಮದ ಚಿಂತೆ ತನಗೆ ಎಂದುಕೊಂಡಳು. ಆ ಚರ್ಚಿನಲ್ಲಿ ಇನ್ನೂರು ಆತ್ಮಗಳಿದ್ದವು. ಉಳಿದ ನೂರ ತೊಂಬತ್ತೊಂಬತ್ತರ ಚಿಂತೆ ಒಂದು ದಿನವೂ ಕಾಡಿರಲಿಲ್ಲ.

ಮುಂದಿನ ವಾರ ಟೀಚರ್ ತಮ್ಮ ಚರ್ಚಿನ ಮೆಟ್ಟಿಲ ಮೇಲಿಂದ ಅವನನ್ನು ಕೂಗಿದಳು: "ತಗೊಳ್ಳಪ್ಪ, ನಿನ್ನ ದೀಕ್ಷಾಸ್ನಾನದ ಪತ್ರ!"

ಅವರು ದೀಕ್ಷಾಸ್ನಾನ ಅನ್ನುತ್ತಾರೆ, ಇವರು ಜ್ಞಾನಸ್ನಾನ. ಆ ಪತ್ರವನ್ನು ದೊಡ್ಡವರು ಹೊಸದಾಗಿ ತೆಗೆಸುವುದು ಯಾತಕ್ಕೆಂದು ಪೀಠದ ಮನೆಯಲ್ಲಿ ಬೆಳೆದವಳಿಗೆ ಹೇಳಿಕೊಡಬೇಕೇ?

ಮದುವೆಗೆ!

ಅವನು ತಲೆಯೆತ್ತಿ ಕಿಟಕಿಯಲ್ಲಿದ್ದ ಅವಳತ್ತ ನಕ್ಕ. ಅವಳು ಅವನ ಮುಖದ ಮೇಲೆ ಕಿಟಕಿ ಮುಚ್ಚಿದಳು.

ಶನಿವಾರ ಪಾಪನಿವೇದನೆಗೆ ಮೊಣಕಾಲೂರಿದಳು. "ಫಾದರ್, ಒಬ್ಬರು ಒಬ್ಬರನ್ನ ನಗಿಸಿ, ಆಮೇಲೆ ಇನ್ನೊಬ್ಬರ ಜೊತೆ..."

"ಇದು ಯಾರ ಪಾಪ ಮಗಳೇ?"

"ನನ್ನದು ಫಾದರ್... ಹೊಟ್ಟೆಕಿಚ್ಚು."

"ಹಾಂ, ಹಾಗೆ ಹೇಳು!"

ಸೋಮವಾರ ಹೊಲಿಗೆ ಕೋಣೆಯ ಬಾಗಿಲಲ್ಲಿ ಆ ಟೀಚರೇ ನಿಂತಿದ್ದಳು! ಕಣ್ಣು ಕೆಂಪಾಗಿತ್ತು.

"ಗೆದ್ದಿರಿ ಬಿಡ್ರೀ."

"ನಾನಾ? ಮದುವೆ ಆಗ್ತಿರೋದು ನೀವಲ್ವಾ?"

"ಮದುವೆ?" ಅವಳು ನಕ್ಕಳು, ಅಳುವ ಹಾಗೆ. "ಆ ಪತ್ರ ಕೇಳಿದ್ದು ನಿಮ್ಮ ಫಾದರ್. ನಿಮ್ಮ ಸಭೆಗೆ ಸೇರ್ತಾನಂತೆ. ನಮ್ಮ ನೀರು ನಿಮಗೂ ನಡೆಯುತ್ತಂತೆ, ಮತ್ತೆ ಸ್ನಾನ ಬೇಡವಂತೆ. ಹನ್ನೆರಡು ವರ್ಷ ನನ್ನ ಪಕ್ಕ ನಿಂತು ಹಾಡಿದವನು ಕಣ್ರೀ! ಒಂದು ದಿನಾನೂ ನೀವು ರಸ್ತೆ ದಾಟಲಿಲ್ಲ, ಅವನನ್ನ ಕರ್ಕೊಂಡುಬಿಟ್ರಿ."

ಟೀಚರ್ ಕಿಟಕಿಯಾಚೆ ತನ್ನ ಚರ್ಚಿನತ್ತ ಕೈ ತೋರಿಸಿದಳು.

"ಮರಳಿ ಬನ್ನಿ ಅಂತೀರಲ್ಲ, ನಾವು ಎಲ್ಲಿಗೂ ಹೋಗಿಲ್ಲ. ಇಲ್ಲೇ ಎದುರಿಗೇ ಇದ್ದೀವಿ." ಕಣ್ಣೊರೆಸಿಕೊಂಡಳು. "ಭಾನುವಾರ ಸಂಜೆ ಅವನ ಕೊನೇ ಹಾಡು. ಕೇಳೋದೂ ಪಾಪನಾ?"

ಟೀಚರ್ ಹೋದ ಮೇಲೆ ಅವಳಿಗೆ ಖುಷಿಯಾಯಿತು, ಮರುಕ್ಷಣ ಅಳುಕು. ನನಗೋಸ್ಕರ ಬರುತ್ತಿದ್ದರೆ? ಹುಡುಗಿಗಾಗಿ ನುಡಿದ ವಿಶ್ವಾಸ ಸುಳ್ಳಲ್ಲವೇ? ಹಾಗಾದರೆ ನಾನೇ ಬೇಡ ಅನ್ನಬೇಕು... ಅಂದುಬಿಟ್ಟರೆ ಅವನೇ ಇಲ್ಲ!

ಅಪ್ಪನನ್ನು ಕೇಳಿದಳು. ಅಪ್ಪ ಪೀಠದ ಬಟ್ಟೆಯ ಮೇಣದ ಕಲೆ ಕೆರೆದು ಮುಗಿಸಿದರು.

"ಹೋಗು. ಹಿಂದೆ ಕೂತ್ಕೋ. ಪ್ರಾರ್ಥನೆಗೆ ಮಾತ್ರ ಸೇರಬೇಡ."

ಭಾನುವಾರ ಅವಳು ಕೊನೆಯ ಬೆಂಚಿನಲ್ಲಿ ತುಟಿ ಬಿಗಿದು ಕುಳಿತಳು. ಅವನು ಟೀಚರ್ ಪಕ್ಕದಲ್ಲಿ ನಿಂತು ಹಾಡಿದ. ಎರಡು ದನಿಗಳೂ ಎಷ್ಟು ಚೆನ್ನಾಗಿ ಕೂಡಿದವು! ಹೊಟ್ಟೆ ಉರಿಯಿತು. ಅದೇ ಹೊತ್ತಿಗೆ, ಅವನು ಬಿಟ್ಟು ಬರುವುದು ಎಷ್ಟೆಂದೂ ಅವಳಿಗೆ ಮೊದಲ ಬಾರಿ ತಿಳಿಯಿತು.

ಜನ ಕರಗಿದ ಮೇಲೆ ಅವನು ಮೆಟ್ಟಿಲ ಬಳಿ ಬಂದ.

"ಹಾಡಲಿಲ್ಲ ನೀವು."

"ಹಾಡೋ ಹಾಗಿಲ್ಲ."

"ಅತ್ತಿರಿ ಮಾತ್ರ."

"ಅಳಬಾರದು ಅಂತ ಎಲ್ಲೂ ಬರೆದಿಲ್ಲ. ನನಗೋಸ್ಕರ ಆದ್ರೆ... ಬರಬೇಡಿ."

"ಫಾದರ್ ಮೊದಲ ದಿನವೇ ಹೇಳಿದ್ರು. ಹುಡುಗಿಗಾಗಿ ಬಂದ್ರೆ ಬಾಗಿಲು ಹಾಕಿದೆ, ಆರು ತಿಂಗಳು ಅವಳ ಹತ್ರ ಮಾತಾಡಬೇಡ, ಆಮೇಲೂ ಬರಬೇಕು ಅನ್ನಿಸಿದ್ರೆ ಬಾ ಅಂತ."

"ಅನ್ನಿಸ್ತಾ?"

"ನೀವು ಕಿಟಕಿ ಮುಚ್ಚಿದ್ರಲ್ಲ, ಆ ವಾರ ನಿಮ್ಮ ಮುಖ ನೋಡಬಾರದು ಅನ್ನೋಷ್ಟು ಕೋಪ. ಆದ್ರೂ ಮಂಗಳವಾರ ಕಾಲು ತಾನಾಗಿ ಫಾದರ್ ಮನೆಗೆ ನಡೀತು. ಅವತ್ತೇ ನನಗೂ ಗೊತ್ತಾಗಿದ್ದು."

ಅವಳ ಕಣ್ಣು ಮತ್ತೆ ತುಂಬಿತು. "ಹಾಗಾದ್ರೆ... ನಾನು?"

"ಅದು ಬೇರೆ ಅರ್ಜಿ. ಫಾದರ್‌ಗೆ ಕೊಡೋ ಹಾಗಿಲ್ಲ, ನಿಮಗೇ ಕೊಡಬೇಕು. ನನ್ನನ್ನ ಮದುವೆ ಆಗ್ತೀರಾ?"

"ಹೂಂ" ಎನ್ನಲು ಬಾಯಿ ತೆರೆದವಳ ದೃಷ್ಟಿ ಒಳಗೆ ಹೋಯಿತು. ಖಾಲಿ ಬೆಂಚುಗಳ ನಡುವೆ ಟೀಚರ್ ಒಬ್ಬಳೇ ಹಾಡಿನ ಪುಸ್ತಕಗಳನ್ನು ಎತ್ತಿಡುತ್ತಿದ್ದಳು.

"ಆಗ್ತೀನಿ. ಆದ್ರೆ ಮೊದಲು ಒಳಗೆ ಹೋಗಿ. ಹನ್ನೆರಡು ವರ್ಷ ಜೊತೆಗೆ ಹಾಡಿದವರು... ನಾಲ್ಕು ಮಾತು ಆಡಿ ಬನ್ನಿ."

"ನಿಮಗೆ ಹೊಟ್ಟೆ ಉರಿಯಲ್ವಾ?"

"ಉರಿಯುತ್ತೆ. ಬೇಗ ಬನ್ನಿ!"